ಎಂಎಚ್370 ಬಗ್ಗೆ ಕನ್ನಡ ಸುದ್ದಿ ವಾಹಿನಿಗಳಿಗೆ ಮಂಡ್ಯದಿಂದ ಒಂದು ಬಹಿರಂಗ ಪತ್ರ

ಕನ್ನಡ ಸುದ್ದಿ ವಾಹಿನಿಗಳ ಸಂಪಾದಕರಿಗೆ ಮತ್ತು ಯೂಟ್ಯೂಬ್‌ನಲ್ಲಿ ಸುದ್ದಿ ಹೇಳುವ ಗೆಳೆಯರಿಗೆ,

ನಮಸ್ಕಾರ.

ನಾನು ಮಂಡ್ಯದವನು. ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಟ್ಟು ನಿವೃತ್ತನಾಗಿದ್ದೇನೆ. ಕಾಣೆಯಾದ ಮಲೇಷ್ಯಾ ವಿಮಾನ ಎಂಎಚ್370 ಬಗ್ಗೆ ನೀವು ಮಾಡುವ ಕಾರ್ಯಕ್ರಮಗಳನ್ನು ನೋಡಿ ನೋಡಿ ಈ ಪತ್ರ ಬರೆಯುತ್ತಿದ್ದೇನೆ.

ವಿಮಾನ ಹೋದದ್ದು 2014ರ ಮಾರ್ಚ್ 8ರಂದು. ಈಗ್ಯಾಕೆ ಆ ಮಾತು ಅನ್ನಬೇಡಿ. ಮಾತು ನಿಲ್ಲಿಸದವರು ನೀವೇ. 2025ರ ಮಾರ್ಚಿನಲ್ಲಿ ಮಲೇಷ್ಯಾ ಸರ್ಕಾರ ಓಷನ್ ಇನ್ಫಿನಿಟಿ ಎಂಬ ಕಂಪನಿಗೆ ಮತ್ತೆ ಹುಡುಕಲು ಒಪ್ಪಿಗೆ ಕೊಟ್ಟಿತು. ಹಿಂದೂ ಮಹಾಸಾಗರದ 15,000 ಚದರ ಕಿಲೋಮೀಟರ್ ಹೊಸ ಜಾಗ. ವಿಮಾನ ಸಿಕ್ಕರೆ 7 ಕೋಟಿ ಡಾಲರ್, ಸಿಗದಿದ್ದರೆ ಬಿಡಿಗಾಸೂ ಇಲ್ಲ. ಏಪ್ರಿಲ್‌ನಲ್ಲಿ ಹವಾಮಾನ ಸರಿಯಿಲ್ಲವೆಂದು ನಿಲ್ಲಿಸಿದರು. ಡಿಸೆಂಬರ್ 30ರಿಂದ ಮತ್ತೆ ಶುರು ಎಂದು ಪ್ರಕಟಿಸಿದರು. ಹೀಗೆ ಅಲ್ಲಿ ಹಡಗು ಹೊರಟಾಗಲೆಲ್ಲ ಇಲ್ಲಿ ನಿಮ್ಮ ಸ್ಟುಡಿಯೋದಲ್ಲಿ ಹಬ್ಬ. ಸಮುದ್ರದ ಚಿತ್ರಕ್ಕೆ ಒಂದು ಕೆಂಪು ಸುತ್ತು, ಬಾಣದ ಗುರುತು, ಪೈಲಟ್ ಫೋಟೋ, ಪಕ್ಕದಲ್ಲಿ 'ಕೊಲೆಗಡುಕ?' ಎಂಬ ದಪ್ಪಕ್ಷರ. ಕೊನೆಗೊಂದು ಪ್ರಶ್ನೆ ಚಿಹ್ನೆ ಹಾಕಿಬಿಟ್ಟರೆ ಏನು ಬೇಕಾದರೂ ಹೇಳಬಹುದು ಅಂತ ನಿಮಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ.

ಒಂದು ಮಾತು ಮೊದಲೇ ಸ್ಪಷ್ಟ ಮಾಡಿಬಿಡುತ್ತೇನೆ. ಊಹೆ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ನಮ್ಮೂರಿನಲ್ಲೇ ನನ್ನನ್ನು ಹತ್ತಿರ ಸೇರಿಸಲ್ಲ. ಕೊಡಗಿನಲ್ಲಿ ಮಳೆ ಹಿಡಿದರೆ ಸಾಕು, ನಾಳೆ ಕೆಆರ್‌ಎಸ್‌ಗೆ ಎಷ್ಟು ಕ್ಯೂಸೆಕ್ ಒಳಹರಿವು ಅಂತ ಟೀ ಅಂಗಡಿಯಲ್ಲೇ ತೀರ್ಮಾನ ಆಗುತ್ತದೆ. ಆದರೆ ಮರುದಿನ ಪೇಪರಿನಲ್ಲಿ ಅಣೆಕಟ್ಟೆಯ ಮಟ್ಟ ಬರುತ್ತದೆ. ತಪ್ಪು ಹೇಳಿದವನನ್ನು ಜನ ಬಿಡಲ್ಲ, ಅವತ್ತಿನ ಟೀ ದುಡ್ಡು ಅವನೇ ಕೊಡಬೇಕು. ಊಹೆ ಅಂದರೆ ಹಾಗಿರಬೇಕು. ಸುಳ್ಳಾಗುವುದಕ್ಕೆ ಅದಕ್ಕೊಂದು ದಾರಿ ಇರಬೇಕು, ಸುಳ್ಳಾದ ದಿನ ಹೇಳಿದವನು ಎದುರಿಗೆ ಸಿಗಬೇಕು. ನಿಮ್ಮ ಊಹೆಗಳಿಗೆ ಇವೆರಡೂ ಇಲ್ಲ. ನನ್ನ ತಕರಾರು ಇಷ್ಟೇ.

ನನ್ನ ಹಳೇ ವಿದ್ಯಾರ್ಥಿಗಳು ಈಗಲೂ ದಾರಿಯಲ್ಲಿ ನಿಲ್ಲಿಸಿ ಕೇಳುವ ಪ್ರಶ್ನೆ ಒಂದಿದೆ. "ಮೇಷ್ಟ್ರೇ, ಮೈಸೂರಿನ ಮಂಡಕಳ್ಳಿ ಏರ್‌ಪೋರ್ಟ್‌ಗೆ ಬರೋ ಸಣ್ಣ ಎಟಿಆರ್ ವಿಮಾನ ಕೂಡ ನನ್ನ ಮೊಬೈಲ್‌ನಲ್ಲಿ ಕಾಣುತ್ತೆ. ಅಷ್ಟು ದೊಡ್ಡ ಬೋಯಿಂಗ್ 777 ಹೇಗೆ ಕಾಣದೇ ಹೋಗುತ್ತೆ?" ಒಳ್ಳೇ ಪ್ರಶ್ನೆ. ಇದನ್ನು ನೀವು ಪರದೆ ಮೇಲೆ ಕೇಳುತ್ತೀರಿ, ಉತ್ತರ ಹೇಳುವ ಮೊದಲೇ ಜಾಹೀರಾತಿಗೆ ಹೋಗುತ್ತೀರಿ. ಜಾಹೀರಾತು ಮುಗಿಸಿ ಬಂದ ಮೇಲೆ ಅನ್ಯಗ್ರಹದವರ ಕಥೆ ಶುರು. ಉತ್ತರ ಅಷ್ಟೇನೂ ಕಷ್ಟದ್ದಲ್ಲ. ಮೊಬೈಲ್‌ನಲ್ಲಿ ವಿಮಾನ ಕಾಣುವುದು, ನಾನು ಇಲ್ಲಿದ್ದೇನೆ ಎಂದು ವಿಮಾನವೇ ಹೇಳಿಕೊಳ್ಳುವುದರಿಂದ. ಹಾಗೆ ಹೇಳುವ ಉಪಕರಣದ ಹೆಸರು ಟ್ರಾನ್ಸ್‌ಪಾಂಡರ್. ಎಂಎಚ್370 ಕೌಲಾಲಂಪುರದಿಂದ ಬೀಜಿಂಗ್‌ಗೆ ರಾತ್ರಿ 12:42ಕ್ಕೆ ಹೊರಟಿತು. ಒಳಗೆ 239 ಜನ. 1:19ಕ್ಕೆ ಕಾಕ್‌ಪಿಟ್‌ನಿಂದ 'ಗುಡ್ ನೈಟ್, ಮಲೇಷಿಯನ್ ತ್ರೀ ಸೆವೆನ್ ಝೀರೋ' ಎಂಬ ಮಾತು ಬಂತು. 1:21ಕ್ಕೆ ಟ್ರಾನ್ಸ್‌ಪಾಂಡರ್ ಸುಮ್ಮನಾಯಿತು. ಆಮೇಲೆ ಅದನ್ನು ಮುಖ್ಯವಾಗಿ ನೋಡಿದ್ದು ಸೇನೆಯ ರೇಡಾರ್. ವಿಮಾನ ಹಿಂದಕ್ಕೆ ತಿರುಗಿ, ಪೆನಾಂಗ್ ದ್ವೀಪವನ್ನು ಸುತ್ತಿಕೊಂಡು, ಮಲಾಕ್ಕಾ ಜಲಸಂಧಿಯ ಕಡೆ ಹೋಯಿತು. 2:22ಕ್ಕೆ ಆ ರೇಡಾರಿಗೂ ಸಿಗದಷ್ಟು ದೂರ ದಾಟಿತು. ನಡುಸಮುದ್ರದಲ್ಲಿ ರೇಡಾರ್ ಇರುವುದಿಲ್ಲ. ಅಷ್ಟೇ ವಿಷಯ.

ಆಮೇಲೆ ನಡೆದದ್ದು ನನಗೆ ತುಂಬಾ ಇಷ್ಟವಾದ ಭಾಗ. ಕ್ಲಾಸಿನಲ್ಲಿ ಇದನ್ನು ಹೇಳುವಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು. ನೀವು ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತೀರಿ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಿಂದೂ ಮಹಾಸಾಗರದ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಇನ್‌ಮಾರ್ಸ್ಯಾಟ್ ಕಂಪನಿಯ ಒಂದು ಉಪಗ್ರಹವಿತ್ತು. ವಿಮಾನದ ಉಪಗ್ರಹ ಫೋನ್ ವ್ಯವಸ್ಥೆಯ ಜೊತೆ ಅದು ಗಂಟೆಗೊಮ್ಮೆ ಮಾತಾಡುತ್ತಿತ್ತು. ಮಾತು ಅಂದರೆ 'ಇದ್ದೀಯಾ?' 'ಇದ್ದೇನೆ' ಅಷ್ಟೇ. ಎಲ್ಲಿದ್ದೇನೆ ಎಂಬುದು ಅದರಲ್ಲಿ ಇಲ್ಲ. ಆದರೆ ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತು ಎಂಬುದು ದಾಖಲಾಗಿತ್ತು. ಅಲೆಯ ವೇಗ ಗೊತ್ತು, ಹೊತ್ತು ಗೊತ್ತು, ಅಂದಮೇಲೆ ದೂರ ಸಿಗುತ್ತದೆ. ಉಪಗ್ರಹದಿಂದ ಅಷ್ಟೇ ದೂರ ಇರುವ ಜಾಗಗಳನ್ನೆಲ್ಲ ಸೇರಿಸಿದರೆ ಭೂಮಿಯ ಮೇಲೆ ಒಂದು ದೊಡ್ಡ ವೃತ್ತ. ವಿಮಾನ ಆ ವೃತ್ತದ ಮೇಲೆ ಎಲ್ಲೋ ಒಂದು ಕಡೆ ಇತ್ತು. ಇಂಥ ಸಂಕೇತ ಕೊನೆಯ ಬಾರಿ ಬಂದದ್ದು ಬೆಳಿಗ್ಗೆ 8:19ಕ್ಕೆ. ಅದು ಏಳನೆಯದು. ಆ ಏಳನೇ ವೃತ್ತದಲ್ಲಿ ವಿಮಾನ ತಲುಪಬಹುದಾಗಿದ್ದ ಭಾಗವನ್ನೇ ಹುಡುಕುವವರು ಈಗಲೂ 'ಏಳನೇ ಕಮಾನು' ಅನ್ನುವುದು.

ಆದರೆ ಕಮಾನಿಗೆ ಎರಡು ತುದಿ. ಒಂದು ಉತ್ತರಕ್ಕೆ ಕಜಕಿಸ್ತಾನದ ಕಡೆ, ಇನ್ನೊಂದು ದಕ್ಷಿಣಕ್ಕೆ ಬರೀ ನೀರಿನ ಕಡೆ. ಯಾವುದು? ಇಲ್ಲಿ ಡಾಪ್ಲರ್ ಬರುತ್ತದೆ. ಹಾರ್ನ್ ಹೊಡೆಯುತ್ತಾ ಬಸ್ಸು ನಮ್ಮನ್ನು ದಾಟಿ ಹೋದಾಗ ಸದ್ದು ಬದಲಾಗುತ್ತದಲ್ಲ, ಅದರ ಲೆಕ್ಕ. ಉಪಗ್ರಹ ಕದಲದೆ ನಿಂತಿದ್ದರೆ ಉತ್ತರಕ್ಕೂ ದಕ್ಷಿಣಕ್ಕೂ ಲೆಕ್ಕ ಒಂದೇ ಆಗಿ ಕೈ ಚೆಲ್ಲಬೇಕಿತ್ತು. ಪುಣ್ಯಕ್ಕೆ ಆ ಉಪಗ್ರಹ ಹಳೆಯದು. ತನ್ನ ಜಾಗದಲ್ಲೇ ಉತ್ತರ ದಕ್ಷಿಣವಾಗಿ ಸ್ವಲ್ಪ ಓಲಾಡುತ್ತಿತ್ತು. ಆ ಓಲಾಟದಿಂದ ಎರಡು ದಿಕ್ಕಿನ ಲೆಕ್ಕ ಬೇರೆ ಬೇರೆ ಬಂತು. ಎಂಜಿನಿಯರುಗಳು ಅದೇ ಪ್ರದೇಶದಲ್ಲಿ ಹಾರಿದ ಬೇರೆ ವಿಮಾನಗಳ ದಾಖಲೆಯ ಮೇಲೆ ಇದೇ ಲೆಕ್ಕ ಹಾಕಿ, ಸರಿ ಬರುತ್ತದೆಯೇ ಎಂದು ನೋಡಿದರು. ಬಂತು. ವಿಮಾನ ದಕ್ಷಿಣಕ್ಕೆ ಹೋಗಿದೆ ಎಂದರು. ಮಾರ್ಚ್ 24ರಂದು ಮಲೇಷ್ಯಾ ಪ್ರಧಾನಿ ನಜೀಬ್ ರಜಾಕ್ ಅದನ್ನು ಪ್ರಕಟಿಸಿದರು.

ಇದೂ ಊಹೆಯೇ ಅಲ್ವಾ? ಹೌದು. ಆದರೆ ಈ ಊಹೆ ತಲೆ ಒಡ್ಡಿ ನಿಂತಿತ್ತು. ವಿಮಾನ ದಕ್ಷಿಣ ಸಮುದ್ರದಲ್ಲಿ ಬಿದ್ದಿದ್ದರೆ ಅದರ ತುಂಡುಗಳು ತೇಲಿಕೊಂಡು ಪಶ್ಚಿಮಕ್ಕೆ, ಆಫ್ರಿಕಾ ಕಡೆ ಹೋಗಬೇಕು. ಹೋಗದಿದ್ದರೆ ಊಹೆಗೆ ಪೆಟ್ಟು. 2015ರ ಜುಲೈ 29ರಂದು ಆಫ್ರಿಕಾ ಕಡೆಯ ರಿಯೂನಿಯನ್ ದ್ವೀಪದ ದಡದಲ್ಲಿ ರೆಕ್ಕೆಯ ಒಂದು ಭಾಗ ಸಿಕ್ಕಿತು. ಆಮೇಲೆ ಟಾಂಜಾನಿಯಾದಲ್ಲಿ, ಮಾರಿಷಸ್‌ನಲ್ಲಿ. ಈ ಮೂರೂ ಅದೇ ವಿಮಾನದವು ಎಂದು ಖಚಿತವಾಯಿತು. ಟಾಂಜಾನಿಯಾದಲ್ಲಿ ಸಿಕ್ಕ ಫ್ಲ್ಯಾಪ್ (ಇಳಿಯುವಾಗ ರೆಕ್ಕೆಯ ಹಿಂಬದಿಯಲ್ಲಿ ಬಿಚ್ಚಿಕೊಳ್ಳುವ ಹಲಗೆ) ನೋಡಿದ ಆಸ್ಟ್ರೇಲಿಯಾದ ತನಿಖಾಧಿಕಾರಿಗಳು, ಬೀಳುವ ಹೊತ್ತಿಗೆ ಅದು ಬಹುಶಃ ಮಡಚಿಕೊಂಡೇ ಇತ್ತು ಎಂದರು. ಇಳಿಸುವ ತಯಾರಿ ಇದ್ದಿದ್ದರೆ ಅದು ಸಾಮಾನ್ಯವಾಗಿ ಬಿಚ್ಚಿಕೊಂಡಿರುತ್ತದೆ.

ಹಾಗಂತ ಲೆಕ್ಕ ಹಾಕಿದವರು ಗೆದ್ದುಬಿಟ್ಟರು ಎಂದಲ್ಲ. ಆಸ್ಟ್ರೇಲಿಯಾ ನೇತೃತ್ವದಲ್ಲಿ 1,20,000 ಚದರ ಕಿಲೋಮೀಟರ್ ಸಮುದ್ರತಳ ಜಾಲಾಡಿದರು. 2017ರ ಜನವರಿ 17ರಂದು ನಿಲ್ಲಿಸಿದರು, ವಿಮಾನ ಸಿಗಲಿಲ್ಲ. ಅದರ ಉತ್ತರಕ್ಕೆ 25,000 ಚದರ ಕಿಲೋಮೀಟರ್ ಜಾಗದಲ್ಲಿ ಇರಬಹುದು ಎಂದು ಪರಿಣತರು ಹೇಳಿದ್ದರು. 2018ರಲ್ಲಿ ಓಷನ್ ಇನ್ಫಿನಿಟಿ ಅದನ್ನೂ ಸೇರಿಸಿ 1,12,000 ಚದರ ಕಿಲೋಮೀಟರ್‌ಗೂ ಜಾಸ್ತಿ ಹುಡುಕಿತು. ಅಲ್ಲೂ ಇಲ್ಲ. ಇಲ್ಲ ಎಂದು ಒಪ್ಪಿಕೊಂಡರು, ಲೆಕ್ಕ ಮತ್ತೆ ತೆಗೆದರು. ಸೋತರೂ ನನಗೆ ಅವರ ಮೇಲೆ ಗೌರವ ಇರುವುದು ಇದಕ್ಕೇ. ಅಂದಹಾಗೆ, ವಿಮಾನ ಹುಡುಕಲು ಹೋದವರಿಗೆ 19ನೇ ಶತಮಾನದ ಎರಡು ಮುಳುಗಿದ ಹಡಗುಗಳು ಸಿಕ್ಕವು. ಅದರ ಬಗ್ಗೆ ಒಂದು ಕಾರ್ಯಕ್ರಮ ಮಾಡಿ, ನಾನು ಕೂತು ನೋಡುತ್ತೇನೆ.

ಈಗ ನಿಮ್ಮ ಊಹೆಗಳಿಗೆ ಬರೋಣ.

ಹಿಂದೂ ಮಹಾಸಾಗರದ ಡಿಯೆಗೋ ಗಾರ್ಸಿಯಾ ದ್ವೀಪದ ಅಮೆರಿಕನ್ ಸೇನಾ ನೆಲೆಯಲ್ಲಿ ವಿಮಾನ ಬಚ್ಚಿಟ್ಟಿದ್ದಾರೆ. ಸರಿ, ಹಾಗಿದ್ದರೆ ರಿಯೂನಿಯನ್‌ಗೆ ಬಂದ ತುಂಡು ಯಾರದು? ಅದನ್ನು ಅವರೇ ತಂದು ಹಾಕಿದರು ಎನ್ನುತ್ತೀರಿ. ಆ ತುಂಡಿಗೆ ಅಂಟಿಕೊಂಡು ಬೆಳೆದ ಸಮುದ್ರದ ಚಿಪ್ಪುಜೀವಿಗಳು? ಅವನ್ನೂ ಅಂಟಿಸಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಕಥೆ ಇದು. ಯಾವ ಸಾಕ್ಷಿ ಬಂದರೂ ಈ ಊಹೆ ಸಾಯಲ್ಲ. ಸಾಯಲಾರದ ಊಹೆಯಿಂದ ಯಾರಿಗೂ ಏನೂ ತಿಳಿಯಲ್ಲ, ಗಂಟೆ ಮಾತ್ರ ತುಂಬುತ್ತದೆ.

ಪ್ರಯಾಣಿಕರ ಫೋನ್ ರಿಂಗ್ ಆಗುತ್ತಿತ್ತು, ಹಾಗಾಗಿ ಬದುಕಿದ್ದರು ಎಂಬುದು ಇನ್ನೊಂದು. ನಾವು ಕರೆ ಮಾಡಿದಾಗ ನಮ್ಮ ಕಿವಿಗೆ ಕೇಳುವ ರಿಂಗ್ ಆ ಕಡೆಯ ಫೋನಿನಿಂದ ಬರುವುದಿಲ್ಲ. ನೆಟ್‌ವರ್ಕ್ ಆ ಫೋನನ್ನು ಹುಡುಕುತ್ತಿರುವಾಗಲೂ ನಮಗೆ ರಿಂಗ್ ಕೇಳಿಸಬಹುದು. ಮೊಬೈಲ್ ಅಂಗಡಿಯ ಹುಡುಗನನ್ನು ಕೇಳಿದ್ದರೂ ಹೇಳುತ್ತಿದ್ದ.

ಕದ್ದ ಪಾಸ್‌ಪೋರ್ಟ್‌ನಲ್ಲಿ ಇಬ್ಬರು ಇರಾನಿಯರು ಹತ್ತಿದ್ದರು. ಅದು ನಿಜ. ಆಗ ಜಗತ್ತಿನ ತುಂಬಾ ಭಯೋತ್ಪಾದಕರು ಎಂದು ಕೂಗಾಡಿದರು. ಕೆಲವೇ ದಿನಗಳಲ್ಲಿ, ಅವರು ಭಯೋತ್ಪಾದಕರಂತೆ ಕಾಣುವುದಿಲ್ಲ ಎಂದು ಇಂಟರ್‌ಪೋಲ್ ಮುಖ್ಯಸ್ಥರೇ ಹೇಳಿದರು. ಯುರೋಪಿಗೆ ಹೋಗಿ ಬದುಕು ಕಟ್ಟಿಕೊಳ್ಳಲು ಹೊರಟ ಹುಡುಗರು. ಈ ಎರಡನೇ ಮಾತು ಎಷ್ಟು ಜನಕ್ಕೆ ತಲುಪಿತು? ಭಾರತದ ಒಂದು ಊರಿನ ಮೇಲೆ ನುಗ್ಗಿಸಲು ವಿಮಾನ ಅಪಹರಿಸಿರಬಹುದು ಎಂದು ಅಮೆರಿಕದ ಮಾಜಿ ಉಪ ವಿದೇಶಾಂಗ ಸಚಿವರೊಬ್ಬರು ಟ್ವೀಟ್ ಮಾಡಿದರು. ಅದಕ್ಕೂ ಯಾವ ಆಧಾರ ಸಿಗಲಿಲ್ಲ. ದೊಡ್ಡವರು ಹೇಳಿದ ಮಾತ್ರಕ್ಕೆ ಊಹೆ ಗಟ್ಟಿಯಾಗಲ್ಲ.

ವಿಮಾನದಲ್ಲಿ 4,566 ಕೆಜಿ ಮ್ಯಾಂಗೋಸ್ಟಿನ್ ಹಣ್ಣು ಇತ್ತು, 221 ಕೆಜಿ ಲಿಥಿಯಂ ಬ್ಯಾಟರಿ ಇತ್ತು. ಹಣ್ಣಿನ ರಸ ಬ್ಯಾಟರಿಗೆ ಸೋರಿ ಬೆಂಕಿ ಹತ್ತಿತೇ ಎಂದು ಕೆಲವರು ಕೇಳಿದರು. ನಗು ಬರುತ್ತದೆ. ಆದರೆ ನೋಡಿ, ಇದು ನಿಮ್ಮ ಅನ್ಯಗ್ರಹಕ್ಕಿಂತ ಎಷ್ಟೋ ಒಳ್ಳೇ ಊಹೆ. ಏಕೆಂದರೆ ರಸ ತೆಗೆದು, ಬ್ಯಾಟರಿ ಇಟ್ಟು ನೋಡಬಹುದು. ಮಲೇಷ್ಯಾದವರು ಪರೀಕ್ಷೆ ಮಾಡಿಯೇ ನೋಡಿದರು. ಅದು ಕಾರಣವಾಗಿರುವ ಸಾಧ್ಯತೆ ತೀರಾ ಕಡಿಮೆ ಎಂದು ಬದಿಗಿಟ್ಟರು. (ಮ್ಯಾಂಗೋಸ್ಟಿನ್ ನಮ್ಮ ಕರಾವಳಿಯ ಪುನರ್ಪುಳಿಯ ಹತ್ತಿರದ ನೆಂಟ. ಇದು ಈ ಪತ್ರಕ್ಕೆ ಬೇಕಿಲ್ಲ, ಸುಮ್ನೆ ಹೇಳಿದೆ.)

ಮಾಂತ್ರಿಕರ ವಿಷಯ ಬೇಗ ಮುಗಿಸುತ್ತೇನೆ. ಅಲ್ಲೂ ಒಬ್ಬರು ಕೌಲಾಲಂಪುರದ ವಿಮಾನ ನಿಲ್ದಾಣಕ್ಕೆ ತೆಂಗಿನಕಾಯಿ, ಬಿದಿರಿನ ದುರ್ಬೀನು ಹಿಡಿದು ಬಂದಿದ್ದರು. ಜಗತ್ತು ನಕ್ಕಿತು. ನಾವು ನಗುವ ಹಾಗಿಲ್ಲ. ನಿಮ್ಮ ಬೆಳಗಿನ ಕಾರ್ಯಕ್ರಮ ನೋಡಿದ್ದೇನೆ.

ಈಗ ಪೈಲಟ್ ವಿಷಯ. ಇಲ್ಲಿ ನನಗೆ ನಗು ಬರುವುದಿಲ್ಲ.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ನೀವು ಸಾಕಷ್ಟು ಬರೆದಿದ್ದೀರಿ. ಅವರ ಮನೆಯಲ್ಲಿ ಫ್ಲೈಟ್ ಸಿಮ್ಯುಲೇಟರ್ ಇತ್ತು. ಅದರಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಕಡೆಯ ಕೆಲವು ಬಿಂದುಗಳೂ ಸಿಕ್ಕವು. ಇದು ನಿಜ, ಮುಚ್ಚಿಡುವ ವಿಷಯವೂ ಅಲ್ಲ. ವಿಮಾನ ತಾನಾಗಿ ತಿರುಗಲಿಲ್ಲ, ಯಾರೋ ಕೈಯಿಂದ ತಿರುಗಿಸಿರಬೇಕು ಎಂಬುದನ್ನು ತನಿಖಾ ವರದಿಯೂ ಹೇಳುತ್ತದೆ. ಆದರೆ ಯಾರು? 2018ರ ಜುಲೈನಲ್ಲಿ ಬಂದ ಆ ವರದಿ ಕಾರಣ ನಿರ್ಧರಿಸಲು ಆಗಲಿಲ್ಲ ಎಂದಿತು. ಮೂರನೆಯವರ ಕೈವಾಡ ಇಲ್ಲ ಎನ್ನಲೂ ಆಗದು ಎಂದಿತು. ಪೈಲಟ್ ನಡವಳಿಕೆಯಲ್ಲಿ ಅಸಹಜವಾದದ್ದು ಕಾಣಲಿಲ್ಲ ಎಂದಿತು. ಅಷ್ಟು ಜನ ಅಷ್ಟು ವರ್ಷ ಕೂತು ಹೇಳಲಾಗದ್ದನ್ನು ನಿಮ್ಮ ನಿರೂಪಕರು ಅರ್ಧ ಗಂಟೆಯಲ್ಲಿ ಹೇಳಿ ಮುಗಿಸುತ್ತಾರೆ. ಸಿಮ್ಯುಲೇಟರ್ ಒಂದು ಸುಳಿವು. ಸುಳಿವಿಗೂ ತೀರ್ಪಿಗೂ ನಡುವೆ ಇರುವುದು ಸಮುದ್ರದ ತಳದಲ್ಲಿ ಬಿದ್ದಿರುವ ಬ್ಲ್ಯಾಕ್ ಬಾಕ್ಸ್. ಅದು ಸಿಗುವವರೆಗೆ ಆ ಮನುಷ್ಯ ಆರೋಪಿಯೂ ಅಲ್ಲ, ಸತ್ತ 239 ಜನರಲ್ಲಿ ಒಬ್ಬ. ಅವರಿಗೂ ಹೆಂಡತಿ ಮಕ್ಕಳು ಇದ್ದಾರೆ. ಇಂಟರ್‌ನೆಟ್ ಅವರ ಮನೆಯಲ್ಲೂ ಇದೆ.

ಇದು ಮಲೇಷ್ಯಾದ ಸಮಸ್ಯೆ ಮಾತ್ರ ಎಂದುಕೊಳ್ಳಬೇಡಿ. 2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ ಏರ್ ಇಂಡಿಯಾ 171 ಬಿತ್ತು. ಒಂದು ತಿಂಗಳಿಗೆ ಪ್ರಾಥಮಿಕ ವರದಿ ಬಂತು. ಇಂಧನದ ಸ್ವಿಚ್ ಬಗ್ಗೆ ಇಬ್ಬರು ಪೈಲಟ್‌ಗಳ ನಡುವೆ ನಡೆದ ಮಾತನ್ನು ಅದರಲ್ಲಿ ಸಾರಾಂಶವಾಗಿ ಬರೆದಿದ್ದರು. ಯಾರು ಕೇಳಿದರು, ಯಾರು ಉತ್ತರಿಸಿದರು ಎಂದು ಹೇಳಲಿಲ್ಲ. ನೀವು ಅವತ್ತು ಸಂಜೆಯೇ ಹೇಳಿದಿರಿ! ವಿಮಾನ ಅಪಘಾತದ ತನಿಖೆಗೆ ಅಂತರರಾಷ್ಟ್ರೀಯ ನಿಯಮವಿದೆ, ಅನೆಕ್ಸ್ 13 ಎಂದು. ತನಿಖೆ ಮಾಡುವುದು ಮುಂದೆ ಇಂಥದ್ದು ಆಗದಿರಲಿ ಎಂದು, ಯಾರ ಮೇಲೂ ತಪ್ಪು ಹೊರಿಸಲು ಅಲ್ಲ ಎಂದು ಅದು ಹೇಳುತ್ತದೆ.

ಸರ್ಕಾರಗಳಿಗೂ ಇಲ್ಲೇ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ನಿಮಗೆ ಅನ್ಯಾಯವಾಗುತ್ತದೆ. ಅಂತೆಕಂತೆಗಳು ತಾವಾಗಿ ಹುಟ್ಟುವುದಿಲ್ಲ. ಮಲೇಷ್ಯಾ ಸೇನೆಯ ರೇಡಾರ್‌ನಲ್ಲಿ ವಿಮಾನ ಹಿಂದಕ್ಕೆ ತಿರುಗಿದ್ದು ದಾಖಲಾಗಿತ್ತು. ಆದರೂ ದಿನಗಟ್ಟಲೆ ದಕ್ಷಿಣ ಚೀನಾ ಸಮುದ್ರದಲ್ಲಿ ಹುಡುಕಿದರು. ಕಾಕ್‌ಪಿಟ್‌ನ ಕೊನೆಯ ಮಾತು 'ಆಲ್ ರೈಟ್, ಗುಡ್ ನೈಟ್' ಎಂದು ಮೊದಲು ಹೇಳಿ, ವಾರಗಳ ಮೇಲೆ ತಿದ್ದಿದರು. ನಿಮ್ಮವರು ಇನ್ನಿಲ್ಲ ಎಂಬುದನ್ನು ಕೆಲವು ಕುಟುಂಬಗಳಿಗೆ ಎಸ್‌ಎಂಎಸ್‌ನಲ್ಲಿ ತಿಳಿಸಿದರು. ಹೀಗೆ ಮಾಡಿದ ಮೇಲೆ ಜನ ನಂಬುವುದು ಹೇಗೆ? ನಮ್ಮ ವಿಮಾನಯಾನ ಸಚಿವಾಲಯದವರು ಇದನ್ನು ಓದಿದರೆ, ದಯವಿಟ್ಟು ಇಂಥ ದಿನಗಳಲ್ಲಿ ದಿನಕ್ಕೊಮ್ಮೆ, ಒಂದೇ ಹೊತ್ತಿಗೆ, ಒಬ್ಬರೇ ಬಂದು ಮಾತಾಡಿ. ಹೊಸದೇನೂ ಇಲ್ಲದಿದ್ದರೆ ಹೊಸದೇನೂ ಇಲ್ಲ ಎಂದೇ ಹೇಳಿ. ನೀವು ಖಾಲಿ ಬಿಟ್ಟ ಕುರ್ಚಿಯಲ್ಲಿ ಜ್ಯೋತಿಷಿ ಬಂದು ಕೂರುತ್ತಾರೆ.

ಆ ವಿಮಾನದಲ್ಲಿ ಐವರು ಭಾರತೀಯರಿದ್ದರು. ಅವರ ಮನೆಯವರ ಬಗ್ಗೆ ನಿಮಗೆ ನೆನಪಾಗುವುದು ಮಾರ್ಚ್ 8ಕ್ಕೆ ಮಾತ್ರ. ನಮ್ಮ ಜಿಲ್ಲೆಯವರಿಗೆ ನೀರಿನ ದಡದಲ್ಲಿ ಕಾಯುವುದು ಅಂದರೇನು ಅಂತ ಗೊತ್ತು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿಸಿ ನಾಲೆಗೆ ಬಿದ್ದು 30 ಜನ ಸತ್ತರು. ಅವತ್ತು ಸಂಜೆಯೊಳಗೆ ಎಲ್ಲರ ಮನೆಗೂ ವಿಷಯ ತಿಳಿದಿತ್ತು, ದೇಹ ಸಿಕ್ಕಿತ್ತು. ಅಷ್ಟಕ್ಕೇ ಊರೂರು ತತ್ತರಿಸಿದವು. ಎಂಎಚ್370ರ ಮನೆಯವರಿಗೆ ಮಣ್ಣು ಮಾಡಲು ಏನೂ ಸಿಕ್ಕಿಲ್ಲ. ಅಂಥವರಿಗೆ 'ಬದುಕಿದ್ದಾರಾ ಪ್ರಯಾಣಿಕರು?' ಎಂದು ಪ್ರೋಮೋ ತೋರಿಸುತ್ತೀರಲ್ಲ, ಯಾರಾದರೂ ಒಬ್ಬರು ಅದನ್ನು ನಂಬಿ ರಾತ್ರಿ ಒಂಬತ್ತರವರೆಗೆ ಕಾದು ಕೂತರೆ?

ಕಾಯುವುದಕ್ಕೆ ಬೆಲೆ ಇಲ್ಲವೆಂದಲ್ಲ. ಏರ್ ಫ್ರಾನ್ಸ್ 447 ಅಟ್ಲಾಂಟಿಕ್‌ನಲ್ಲಿ ಬಿದ್ದದ್ದು 2009ರ ಜೂನ್ 1ರಂದು, 228 ಜನ ಇದ್ದರು. ಬ್ಲ್ಯಾಕ್ ಬಾಕ್ಸ್‌ನ ಸದ್ದು ಕೇಳಲಿಲ್ಲ, ಹಾಗಾಗಿ ಅಲ್ಲಿ ಇಲ್ಲ ಎಂದು ಒಂದು ಜಾಗವನ್ನು ಬಿಟ್ಟಿದ್ದರು. ಆಮೇಲೆ ಯಾರೋ, ಸದ್ದು ಮಾಡುವ ಯಂತ್ರವೇ ಕೆಟ್ಟಿದ್ದರೆ, ಎಂದು ಲೆಕ್ಕ ಬದಲಿಸಿದರು. 2011ರ ಏಪ್ರಿಲ್‌ನಲ್ಲಿ, ಬಿಟ್ಟಿದ್ದ ಆ ಜಾಗದ ಹತ್ತಿರವೇ, ಸುಮಾರು 3,900 ಮೀಟರ್ ಆಳದಲ್ಲಿ ಸಿಕ್ಕಿತು. ನಮ್ಮದೇ ವಾಯುಪಡೆಯ ಎಎನ್-32 ಇದೆ. 2016ರ ಜುಲೈ 22ರಂದು ಚೆನ್ನೈನಿಂದ ಪೋರ್ಟ್‌ಬ್ಲೇರ್‌ಗೆ ಹೊರಟು 29 ಜನರ ಸಮೇತ ಕಾಣೆಯಾಯಿತು. 2024ರ ಜನವರಿಯಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಸ್ವಯಂಚಾಲಿತ ನೌಕೆ 3,400 ಮೀಟರ್ ಆಳದಲ್ಲಿ ಅದರ ಅವಶೇಷದ ಚಿತ್ರ ತೆಗೆಯಿತು. ಏಳೂವರೆ ವರ್ಷದ ಮೇಲೆ, ನಮ್ಮವರೇ ಮಾಡಿದ ಕೆಲಸ. ಇದಕ್ಕೆ ನೀವು ಎಷ್ಟು ನಿಮಿಷ ಕೊಟ್ಟಿರಿ? ನಾನು ಕೊಂಕು ಮಾತಾಡುತ್ತಿಲ್ಲ, ನಿಜವಾಗಿಯೂ ಕೇಳುತ್ತಿದ್ದೇನೆ.

ನಿಮ್ಮಿಂದ ನನಗೆ ಬೇಕಾದದ್ದು ಜಾಸ್ತಿಯೇನಿಲ್ಲ. ಒಂದು ಊಹೆ ತೋರಿಸುವಾಗ ಅದು ಏಳನೇ ಕಮಾನಿಗೆ, ಸಿಕ್ಕ ತುಂಡುಗಳಿಗೆ ಹೇಗೆ ಹೊಂದುತ್ತದೆ ಎಂದು ನಿಮ್ಮ ಅತಿಥಿಯನ್ನು ಕೇಳಿ. ಉತ್ತರ ಬರದಿದ್ದರೆ ಅಲ್ಲಿಗೆ ಬಿಡಿ. ನಿಮ್ಮ ಹಳೇ ವಿಡಿಯೊಗಳನ್ನು ಅಳಿಸಬೇಕಿಲ್ಲ, ಶೀರ್ಷಿಕೆಯಲ್ಲಿರುವ ಕೊಲೆಗಡುಕ ಎಂಬ ಪದ ತೆಗೆಯಿರಿ. ಕೆಳಗೆ ಒಂದು ಸಾಲು ಸೇರಿಸಿ: ಕಾರಣ ತಿಳಿದಿಲ್ಲ ಎಂದು ತನಿಖಾ ವರದಿ ಹೇಳಿದೆ. ಹತ್ತು ನಿಮಿಷದ ಕೆಲಸ.

ಡಾಪ್ಲರ್ ಲೆಕ್ಕ ವಿವರಿಸಲು ಯಾರೂ ಸಿಗಲ್ಲ ಎಂದರೆ ನಾನಿದ್ದೇನೆ. ಬಸ್ ಚಾರ್ಜೂ ಬೇಡ, ಬೆಂಗಳೂರಿಗೆ ನಾನೇ ಬರುತ್ತೇನೆ. ಒಂದು ಬೋರ್ಡು, ಸೀಮೆಸುಣ್ಣ, ಇಪ್ಪತ್ತು ನಿಮಿಷ ಕೊಟ್ಟರೆ ಸಾಕು. ಜ್ಯೋತಿಷಿಗಳನ್ನು ಮಾತ್ರ ಪಕ್ಕದಲ್ಲಿ ಕೂರಿಸಬೇಡಿ.

ಇಂತಿ ನಿಮ್ಮ ವೀಕ್ಷಕ,
ಒಬ್ಬ ನಿವೃತ್ತ ಫಿಸಿಕ್ಸ್ ಮೇಷ್ಟ್ರು
ಮಂಡ್ಯ